ಹಳೇ ಟೇಪಿನ ಮದುವೆ ವಿಡಿಯೋ ರಿಪೇರಿ, ಪ್ಲೇಯರ್‌ನಲ್ಲಿ ಓಡುವ ಬ್ಲೂ-ರೇ: ಮಾಡಿದವರು ಹೇಳ್ತೀರಾ?

ಕೇಳಿದವರು:

ನಮಸ್ಕಾರ. ಮನೆಯಲ್ಲಿ ನಾಲ್ಕು ವಿಎಚ್‌ಎಸ್ ಕ್ಯಾಸೆಟ್, ಎರಡು ಮಿನಿಡಿವಿ ಟೇಪ್ ಇವೆ. ಅಪ್ಪ ಅಮ್ಮನ ಮದುವೆ, ನಮ್ಮ ಬಾಲ್ಯ, ಈಗ ಇಲ್ಲದ ಅಜ್ಜಿ, ಎಲ್ಲಾ ಅದರಲ್ಲೇ ಇದೆ. ಒಂದು ಕಡೆ ಕೊಟ್ಟು ಎಂಪಿ4 ಮಾಡಿಸಿದೆ. ಯಾರಾದರೂ ಕೈ ಬೀಸಿದರೆ ಸಾಕು, ಬಾಚಣಿಗೆ ಹಲ್ಲಿನ ಹಾಗೆ ಗೆರೆ ಗೆರೆ ಕಾಣುತ್ತೆ. ಅದನ್ನೇ ಬ್ಲೂ-ರೇ ಡಿಸ್ಕಿಗೆ ಬರ್ನ್ ಮಾಡಿದೆ. ಕಂಪ್ಯೂಟರ್‌ನಲ್ಲಿ ಓಡುತ್ತೆ, ಟಿವಿ ಕೆಳಗಿನ ಪ್ಲೇಯರ್‌ಗೆ ಹಾಕಿದರೆ ಡಿಸ್ಕ್ ಓದಲ್ಲ. ಅಪ್ಪನಿಗೆ ಮೊಬೈಲ್, ಪೆನ್‌ಡ್ರೈವ್ ಎಲ್ಲಾ ಒಗ್ಗಲ್ಲ. ಡಿಸ್ಕ್ ಹಾಕಿ ರಿಮೋಟ್ ಒತ್ತಿದರೆ ಬರಬೇಕು. ಎಲ್ಲಿಂದ ಶುರು ಮಾಡಲಿ?

ಹನ್ನೊಂದು ಟೇಪ್ ತೆಗೆದವರು:

ಆ ಎಂಪಿ4 ಪಕ್ಕಕ್ಕಿಡಿ. ಟೇಪ್ ಇನ್ನೂ ನಿಮ್ಮ ಹತ್ತಿರವೇ ಇದೆ ಅಲ್ವಾ? ಹಾಗಾದರೆ ಅದರಿಂದಲೇ ಮತ್ತೆ ತೆಗೆಯಿರಿ. ತೆಗೆಯುವಾಗ ಕಳೆದುಕೊಂಡದ್ದನ್ನು ಆಮೇಲೆ ಯಾವ ಫಿಲ್ಟರೂ ವಾಪಸ್ ಕೊಡಲ್ಲ. ನಾನು ಮೊದಲ ಸಲ ಎರಡೇ ದಿನದಲ್ಲಿ ಎಲ್ಲಾ ಟೇಪ್ ತೆಗೆದು ಮುಗಿಸಿದೆ. ಆಮೇಲೆ ತಿಂಗಳುಗಟ್ಟಲೆ ಫಿಲ್ಟರ್ ಜೊತೆ ಗುದ್ದಾಡಿದೆ. ಕೊನೆಗೆ ಒಳ್ಳೆ ವಿಸಿಆರ್ ಹುಡುಕಿ ತಂದು ಮೊದಲಿನಿಂದ ಮತ್ತೆ ತೆಗೆದೆ. ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಕ್ಯಾಸೆಟ್ಟನ್ನು ವಿಸಿಆರ್‌ಗೆ ಹಾಕುವ ಮುಂಚೆ ಬೆಳಕಿಗೆ ಹಿಡಿದು, ಅದರ ಕಿಟಕಿಯೊಳಗೆ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅಂಥದ್ದನ್ನು ಓಡಿಸಲೇಬೇಡಿ. ಹೆಡ್ ಕೆಡುತ್ತೆ, ಆಮೇಲೆ ಹಾಕುವ ಒಳ್ಳೆ ಟೇಪಿಗೂ ಅಂಟುತ್ತೆ. ಬೂಷ್ಟು ತೆಗೆಯುವ ಕೆಲಸ ಬಲ್ಲವರಿಗೇ ಬಿಡಿ. ಟೇಪ್ ಚೆನ್ನಾಗಿದ್ದರೆ ಒಮ್ಮೆ ಕೊನೆಯವರೆಗೆ ಮುಂದೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಒಂದೇ ಕಡೆ ಕೂತ ಟೇಪಿನ ಬಿಗಿ ಸಮ ಆಗುತ್ತೆ. ಕ್ಯಾಸೆಟ್ಟಿನ ಬೆನ್ನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚಕ್ಕೆ ಇನ್ನೂ ಹಾಗೇ ಇದ್ದರೆ ಮುರಿದುಬಿಡಿ. ಆಗ ಕೈತಪ್ಪಿ ರೆಕಾರ್ಡ್ ಒತ್ತಿದರೂ ಏನೂ ಅಳಿಯಲ್ಲ.

ವಿಸಿಆರ್ ಈಗ ಹೊಸದು ಸಿಗಲ್ಲ. ಕೊನೆಯವರೆಗೂ ಮಾಡುತ್ತಿದ್ದ ಫುನೈ ಕಂಪನಿ 2016ರಲ್ಲಿ ನಿಲ್ಲಿಸಿತು. ಹಾಗಾಗಿ ಯಾರೋ ಬಳಸಿದ್ದನ್ನೇ ತರಬೇಕು. ತಂದ ತಕ್ಷಣ ಮದುವೆ ಟೇಪ್ ಹಾಕಬೇಡಿ, ದಯವಿಟ್ಟು. ಹೋದರೂ ಪರವಾಗಿಲ್ಲ ಅನ್ನುವ ಒಂದು ಕ್ಯಾಸೆಟ್ ಹಾಕಿ, ಅರ್ಧ ಗಂಟೆ ಓಡಿಸಿ, ಹೊರಗೆ ತೆಗೆದು ಟೇಪಿನ ಅಂಚು ಮಡಚಿದೆಯಾ ನೋಡಿ.

ಎಸ್-ವಿಡಿಯೋ, ಅಂದರೆ ಬೆಳಕು, ಬಣ್ಣ ಎರಡನ್ನೂ ಬೇರೆ ಬೇರೆ ತಂತಿಯಲ್ಲಿ ಕಳಿಸುವ ಔಟ್‌ಪುಟ್ ಇರುವ ವಿಸಿಆರ್ ಸಿಕ್ಕರೆ ಬಿಡಬೇಡಿ. ವಿಎಚ್‌ಎಸ್ ಟೇಪಿನಲ್ಲಿ ಬೆಳಕು ಬೇರೆ, ಬಣ್ಣ ಬೇರೆಯಾಗಿ ಕೂತಿರುತ್ತೆ. ಹಳದಿ ಪಿನ್ನಿನ ಕಾಂಪೋಸಿಟ್ ಕೇಬಲ್ ಎರಡನ್ನೂ ಬೆರೆಸಿ ಕಳಿಸುತ್ತೆ, ಆಮೇಲೆ ಚಿತ್ರವನ್ನು ಕಂಪ್ಯೂಟರ್‌ಗೆ ಇಳಿಸುವ ಕ್ಯಾಪ್ಚರ್ ಸಾಧನ ಅದನ್ನು ಮತ್ತೆ ಬಿಡಿಸಬೇಕು. ವಿಎಚ್‌ಎಸ್‌ನಲ್ಲಿ ಇರುವುದೇ ಅಡ್ಡಕ್ಕೆ ಸುಮಾರು 240 ಗೆರೆಯಷ್ಟು ವಿವರ. ಅದರಲ್ಲೂ ಸೋರಿದರೆ ಉಳಿಯುವುದೇನು?

ಇನ್ನೊಂದು ಟಿಬಿಸಿ, ಅಂದರೆ ಟೈಮ್ ಬೇಸ್ ಕರೆಕ್ಟರ್. ವಿಡಿಯೋದಲ್ಲಿ ಬಾಗಿಲ ಚೌಕಟ್ಟೋ ಕಂಬವೋ ಇರುವ ಕಡೆ ನಿಲ್ಲಿಸಿ ನೋಡಿ. ನೆಟ್ಟಗಿರಬೇಕಾದ ಅಂಚು ನೀರಲ್ಲಿ ಕಂಡ ಹಾಗೆ ನಡುಗುತ್ತಿದ್ದರೆ, ಚಿತ್ರದ ಮೇಲ್ತುದಿ ಬಾವುಟದ ಹಾಗೆ ಒಂದು ಕಡೆ ವಾಲಿದರೆ, ಟೇಪಿನಿಂದ ಗೆರೆಗಳು ಸರಿಯಾದ ಸಮಯಕ್ಕೆ ಬರುತ್ತಿಲ್ಲ ಅಂತ ಅರ್ಥ. ಟಿಬಿಸಿ ಪ್ರತಿ ಗೆರೆಯನ್ನೂ ಹಿಡಿದು ಜಾಗಕ್ಕೆ ಕೂರಿಸುತ್ತೆ. ವಿಎಚ್‌ಎಸ್‌ನ ಮೇಲ್ದರ್ಜೆಯಾದ ಎಸ್-ವಿಎಚ್‌ಎಸ್‌ನ ಕೆಲವು ವಿಸಿಆರ್‌ಗಳ ಒಳಗೇ ಇರುತ್ತೆ. ಇಲ್ಲದಿದ್ದರೆ ಕೆಲವು ಹಳೇ ಡಿವಿಡಿ ರೆಕಾರ್ಡರ್‌ಗಳ ಮೂಲಕ ಸಿಗ್ನಲ್ ಹಾಯಿಸಿದರೂ ಜಾಸ್ತಿ ಮಟ್ಟಿಗೆ ನೆಟ್ಟಗಾಗುತ್ತೆ. ನಾನು ಮಾಡಿದ್ದು ಹಾಗೇ.

ಕ್ಯಾಪ್ಚರ್‌ಗೆ ವರ್ಚುವಲ್‌ಡಬ್ ಅನ್ನುವ ಪ್ರೋಗ್ರಾಂ ಸಾಕು. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್ ಟೇಪಾದರೆ 720×576, ಸೆಕೆಂಡಿಗೆ 25 ಫ್ರೇಮ್. ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿ ಆದರೆ 720×480, 29.97. ವಿಡಿಯೋ ಅದುಮುವ ಕೋಡೆಕ್ ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ಹಾಕಿ. ಇವೆರಡರಲ್ಲೂ ಏನೂ ನಷ್ಟ ಆಗಲ್ಲ. ಹಫ್‌ವೈಯುವಿಯಲ್ಲಿ ಗಂಟೆಗೆ 30ರಿಂದ 40 ಜಿಬಿ ಬೇಕಾಗುತ್ತೆ, ಡ್ರೈವ್ ಖಾಲಿ ಮಾಡಿಕೊಳ್ಳಿ. ಇಂಟರ್‌ಲೇಸ್ಡ್ ಆಗಿಯೇ, ಅಂದರೆ ಬೆಸ ಗೆರೆ, ಸಮ ಗೆರೆ ಟೇಪಿನಲ್ಲಿ ಬೇರೆ ಬೇರೆ ಇರುವ ಹಾಗೇ ತೆಗೆಯಿರಿ, ಈಗಲೇ ಏನನ್ನೂ ಸರಿ ಮಾಡಲು ಹೋಗಬೇಡಿ. ಬಿಟ್ಟುಹೋದ ಫ್ರೇಮ್‌ಗಳ ಲೆಕ್ಕ ಪರದೆಯ ಮೇಲೆ ಬರುತ್ತಿರುತ್ತೆ. ಅದು ಏರುತ್ತಾ ಹೋದರೆ ನಿಲ್ಲಿಸಿ. ಇಲ್ಲದಿದ್ದರೆ ಟೇಪ್ ಮುಗಿಯುವ ಹೊತ್ತಿಗೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ.

ಮಿನಿಡಿವಿ ಕೆಲಸ ಸುಲಭ. ಅದು ಮೊದಲೇ ಡಿಜಿಟಲ್. ಕ್ಯಾಮೆರಾದಿಂದ ಕಂಪ್ಯೂಟರ್‌ಗೆ ಫೈರ್‌ವೈರ್ ಅನ್ನುವ ಕೇಬಲ್ ಹಾಕಿ, ವಿನ್‌ಡಿವಿಯಂಥ ಪ್ರೋಗ್ರಾಂ ಬಳಸಿ ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿಕೊಳ್ಳಿ. ಗಂಟೆಗೆ ಸುಮಾರು 13 ಜಿಬಿ. ಕ್ಯಾಮೆರಾದಲ್ಲಿ ಯುಎಸ್‌ಬಿ ಇದೆ ಅಂತ ಅದನ್ನು ಚುಚ್ಚಬೇಡಿ. ಎಷ್ಟೋ ಕ್ಯಾಮೆರಾಗಳಲ್ಲಿ ಅದು ಫೋಟೋಗೆ ಮಾತ್ರ.

ಫಿಲ್ಟರ್ ಕೆಲಸ ಮಾಡಿದವರು:

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಂದು ಮತ. ನಾನು ಬಾಚಣಿಗೆ ಗೆರೆಯ ವಿಷಯ ಹೇಳುತ್ತೇನೆ.

ಹಳೇ ಕ್ಯಾಮೆರಾ ಒಂದು ಫ್ರೇಮನ್ನು ಎರಡು ಫೀಲ್ಡ್ ಆಗಿ ಹಿಡಿಯುತ್ತಿತ್ತು. ಒಮ್ಮೆ ಬೆಸ ಗೆರೆಗಳು, ಇನ್ನೊಮ್ಮೆ ಸಮ ಗೆರೆಗಳು. ಅಂದರೆ ಪಾಲ್‌ನಲ್ಲಿ ಸೆಕೆಂಡಿಗೆ 25 ಅಲ್ಲ, 50 ಬೇರೆ ಬೇರೆ ಕ್ಷಣ ಟೇಪಿನಲ್ಲಿವೆ. ಅದನ್ನು ಬಿಡಿಸದೆ ಹಾಗೇ ಅದುಮಿದರೆ ಕೈ ಬೀಸಿದಾಗ ಗೆರೆ ಬರುತ್ತೆ. ನಿಮ್ಮ ಎಂಪಿ4ರಲ್ಲಿ ಆಗಿರುವುದು ಇದೇ. ಇನ್ನು ಕೆಲವರು ಬಿಡಿಸುವ ಹೆಸರಲ್ಲಿ ಅರ್ಧ ಫೀಲ್ಡ್ ಬಿಸಾಕುತ್ತಾರೆ. ಆಗ 25 ಕ್ಷಣ ಹೋಯಿತು. ಮಗು ಓಡುವುದು ಕುಕ್ಕುಕ್ಕಾಗಿ ಕಾಣುತ್ತೆ.

ಏವಿಸಿಂತ್ ಅಥವಾ ವೇಪರ್‌ಸಿಂತ್ ಅನ್ನುವ ವಿಡಿಯೋ ಪ್ರೋಗ್ರಾಂಗಳಲ್ಲಿ, ಫೀಲ್ಡ್ ಬಿಡಿಸಲು ಕ್ಯುಟಿಜಿಎಂಸಿ ಅಂತ ಒಂದು ಸ್ಕ್ರಿಪ್ಟ್ ಇದೆ. ನಿಧಾನ. ಒಂದು ಗಂಟೆಯ ವಿಡಿಯೋಗೆ ರಾತ್ರಿಯಿಡೀ ಓಡಿದರೂ ಓಡಬಹುದು. ಆದರೆ 50 ಫೀಲ್ಡ್‌ನಿಂದ 50 ಪೂರ್ತಿ ಫ್ರೇಮ್ ಕಟ್ಟಿಕೊಡುತ್ತೆ. ಮೊದಲ ಸಲ ನೋಡಿದಾಗ ನಾನು ಕುರ್ಚಿಯಿಂದ ಎದ್ದು ತಮ್ಮನನ್ನು ಕರೆದೆ. ಅವನು ಮೂರು ವರ್ಷದವನಿದ್ದಾಗ ಚೆಂಡು ಒದೆಯುವ ದೃಶ್ಯ. ಚೆಂಡು ಗಾಳಿಯಲ್ಲಿ ಸರಾಗವಾಗಿ ಹೋಯಿತು, ಆಗಿನ ಟಿವಿಯಲ್ಲಿ ಹೋಗುತ್ತಿದ್ದ ಹಾಗೆಯೇ.

ಫೀಲ್ಡ್‌ಗಳ ಕ್ರಮ ಮಾತ್ರ ಸರಿ ಹಾಕಿ. ಡಿವಿ ಟೇಪಿನಲ್ಲಿ ಕೆಳ ಫೀಲ್ಡ್ ಮೊದಲು. ವಿಎಚ್‌ಎಸ್‌ನಿಂದ ಕ್ಯಾಪ್ಚರ್ ಮಾಡಿದ್ದರಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು. ತಪ್ಪಿದರೆ ಗೊತ್ತಾಗುತ್ತೆ, ನಡೆಯುವವರು ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಇಟ್ಟ ಹಾಗೆ ಕಾಣುತ್ತಾರೆ. ಹತ್ತು ಸೆಕೆಂಡ್ ತುಂಡಿನಲ್ಲಿ ಪರೀಕ್ಷೆ ಮಾಡಿ, ಆಮೇಲೆ ಪೂರ್ತಿ ಓಡಿಸಿ.

ಚಿತ್ರದ ಕೆಳಗಿನ ಅಂಚಿನಲ್ಲಿ ಹರಿದ ಪಟ್ಟಿ ಕಾಣುತ್ತೆ ಅಲ್ವಾ, ಅದು ವಿಸಿಆರ್‌ನ ಹೆಡ್ ಬದಲಾಗುವ ಜಾಗ. ಹಳೇ ಟಿವಿಗಳಲ್ಲಿ ಅದು ಚೌಕಟ್ಟಿನ ಹಿಂದೆ ಅಡಗಿರುತ್ತಿತ್ತು. ಕತ್ತರಿಸಿ ಚಿತ್ರ ಎಳೆಯಬೇಡಿ, ಅಷ್ಟು ಗೆರೆಗೆ ಕಪ್ಪು ಹಚ್ಚಿದರೆ ಸಾಕು.

ಈಗ ಮುಖ್ಯವಾದ ಮಾತು. ಎಐ ಬಳಸಿ ಚಿತ್ರ ದೊಡ್ಡದು ಮಾಡುವ ಸಾಫ್ಟ್‌ವೇರ್ ಬಹಳ ಇವೆ. ನಾನೂ ಒಂದನ್ನು ಹಾಕಿದೆ. ಮರ, ಗೋಡೆ, ಅಂಗಳ ಎಲ್ಲಾ ಚೂಪಾಗಿ ಬಂತು, ಖುಷಿಯಾಯಿತು. ಆಮೇಲೆ ಅಮ್ಮನಿಗೆ ತೋರಿಸಿದೆ. ನಮ್ಮ ಅಜ್ಜಿ ತಿರುಗಿ ನಗುವ ಒಂದು ಕ್ಷಣ ಇದೆ. ಅಮ್ಮ ಅಲ್ಲಿ ನಿಲ್ಲಿಸಿ, 'ಇವರು ಯಾರು?' ಅಂದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅಜ್ಜಿಯ ಗಲ್ಲದ ಮೇಲೆ ಒಂದು ಮಚ್ಚೆ ಇತ್ತು. ಟೇಪಿನಲ್ಲಿ ಅದು ಮಸುಕಾದ ನಾಲ್ಕೈದು ಚುಕ್ಕಿ ಅಷ್ಟೇ. ಸಾಫ್ಟ್‌ವೇರ್ ಅದನ್ನು ಕೊಳೆ ಅಂದುಕೊಂಡು ಒರೆಸಿತ್ತು. ಕಣ್ಣ ಸುತ್ತಲ ಸುಕ್ಕೂ ಹೋಗಿತ್ತು. ಆ ಫೈಲ್ ಅಳಿಸಿದೆ. ಮುಖ ಚಿಕ್ಕದಾಗಿ, ದೂರದಲ್ಲಿ ಇರುವ ಕಡೆ ಇವು ಇನ್ನೂ ಜಾಸ್ತಿ ಕೆಡಿಸುತ್ತವೆ. ಇಲ್ಲದ್ದನ್ನು ಊಹಿಸಿ ಬರೆಯುತ್ತವೆ. ಒಂದಿಷ್ಟು ಕಾಳು ಕಾಳು ಉಳಿಯಲಿ ಬಿಡಿ, ಅಜ್ಜಿ ಅಜ್ಜಿಯಾಗಿ ಉಳಿಯಬೇಕು.

ಸದ್ದಿನ ವಿಷಯ ಚಿಕ್ಕದು. ಗುಂಯ್ ಅನ್ನುವ ಶಬ್ದ ಇದ್ದರೆ ಅದು ಕರೆಂಟಿನದು, 50 ಅಥವಾ 60 ಹರ್ಟ್ಸ್ ಮತ್ತು ಅದರ ಎರಡು ಪಟ್ಟು, ಮೂರು ಪಟ್ಟುಗಳಲ್ಲಿ ನಾಚ್ ಫಿಲ್ಟರ್, ಅಂದರೆ ಆ ಒಂದು ಸ್ವರವನ್ನು ಮಾತ್ರ ತೆಗೆಯುವ ಫಿಲ್ಟರ್ ಹಾಕಿ. ಆಡಾಸಿಟಿ ಅನ್ನುವ ಪ್ರೋಗ್ರಾಂನಲ್ಲಿ ಆಗುತ್ತೆ. ಸುಯ್ ಅನ್ನುವುದನ್ನು ಪೂರ್ತಿ ತೆಗೆಯಲು ಹೋದರೆ ಮಾತು ಡಬ್ಬದೊಳಗಿಂದ ಬಂದ ಹಾಗಾಗುತ್ತೆ. ಸ್ವಲ್ಪ ಇರಲಿ.

ಡಿಸ್ಕ್ ಕಟ್ಟಿದವರು:

ನಿಮ್ಮ ಪ್ಲೇಯರ್ ಯಾಕೆ ಓದಲಿಲ್ಲ ಅಂದರೆ, ನೀವು ಡಿಸ್ಕ್ ಮೇಲೆ ಒಂದು ಫೈಲ್ ಇಟ್ಟಿದ್ದೀರಿ, ಬ್ಲೂ-ರೇ ಕಟ್ಟಿಲ್ಲ. ಪ್ಲೇಯರ್ ಹುಡುಕುವುದು ಬಿಡಿಎಂವಿ ಅನ್ನುವ ಫೋಲ್ಡರನ್ನು. ಅದರೊಳಗೆ ಸ್ಟ್ರೀಮ್, ಪ್ಲೇಲಿಸ್ಟ್, ಕ್ಲಿಪ್ ಮಾಹಿತಿ ತನ್ನ ತನ್ನ ಜಾಗದಲ್ಲಿ ಇರಬೇಕು. ಕೆಲವು ಪ್ಲೇಯರ್ ಎಂಪಿ4 ಫೈಲನ್ನೂ ಓಡಿಸುತ್ತವೆ, ಅದು ಅವುಗಳ ದೊಡ್ಡ ಮನಸ್ಸು. ಅದನ್ನು ನಂಬಿ ಕೂರಬೇಡಿ.

ಎರಡನೆಯದು, ಬ್ಲೂ-ರೇ ಎಲ್ಲಾ ಅಳತೆಯನ್ನೂ ಒಪ್ಪಲ್ಲ. ಇದು ತಿಳಿಯದೆ ನಾನು ಮೂರು ಡಿಸ್ಕ್ ಹಾಳು ಮಾಡಿದೆ. 1080ರಲ್ಲಿ 50 ಪೂರ್ತಿ ಫ್ರೇಮ್ ಹಾಕುವ ಹಾಗಿಲ್ಲ, ಇಂಟರ್‌ಲೇಸ್ಡ್ ಮಾತ್ರ. 720×576ರಲ್ಲೂ ಇಂಟರ್‌ಲೇಸ್ಡ್ ಮಾತ್ರ. ಆದರೆ 1280×720ರಲ್ಲಿ ಸೆಕೆಂಡಿಗೆ 50 ಪೂರ್ತಿ ಫ್ರೇಮ್ ನಡೆಯುತ್ತೆ. ಎನ್‌ಟಿಎಸ್‌ಸಿ ಆದರೆ 59.94. ಕ್ಯುಟಿಜಿಎಂಸಿ ಕಟ್ಟಿಕೊಟ್ಟ 50 ಕ್ಷಣವೂ ಉಳಿಯಬೇಕು ಅಂದರೆ ಇದೇ ಸರಿಯಾದ ಮನೆ. ಹಳೇ ಚಿತ್ರ 4:3. ಅದನ್ನು 960×720 ಮಾಡಿ, ಎಡಕ್ಕೆ 160, ಬಲಕ್ಕೆ 160 ಪಿಕ್ಸೆಲ್ ಕಪ್ಪು ಪಟ್ಟಿ ಬಿಡಿ. ಟಿವಿ ತುಂಬಲಿ ಅಂತ ಎಳೆದರೆ ಎಲ್ಲರೂ ದಪ್ಪ ಕಾಣುತ್ತಾರೆ. ದೊಡ್ಡದು ಮಾಡುವಾಗ ಬಣ್ಣದ ಲೆಕ್ಕವನ್ನೂ ಹಳೇ ಟಿವಿಯ 601 ಮಾನದಂಡದಿಂದ ಎಚ್‌ಡಿಯ 709ಕ್ಕೆ ಬದಲಿಸಿ. ಮರೆತರೆ ಚರ್ಮದ ಬಣ್ಣ, ಎಲೆಯ ಹಸಿರು ಸ್ವಲ್ಪ ಆಚೀಚೆ ಆಗುತ್ತೆ.

ವಿಡಿಯೋ ಅದುಮುವ ಎಕ್ಸ್264 ಪ್ರೋಗ್ರಾಂನಲ್ಲಿ ಬ್ಲೂ-ರೇ ಹೊಂದಾಣಿಕೆಯ ಆಯ್ಕೆ ಹಾಕಿ. ಲೆವೆಲ್ 4.1, ಸ್ಲೈಸ್ 4, ಕೀಫ್ರೇಮ್ ಗರಿಷ್ಠ 50, ವಿಬಿವಿ ಗರಿಷ್ಠ ದರ 40000, ಬಫರ್ 30000. ಇದು ಮೇಲಿನ ಮಿತಿ. ನಿಮ್ಮ ಟೇಪಿಗೆ ಸರಾಸರಿ ಸೆಕೆಂಡಿಗೆ 12 ಮೆಗಾಬಿಟ್ ಧಾರಾಳ. ಆ ಲೆಕ್ಕದಲ್ಲಿ ಗಂಟೆಗೆ ಐದೂವರೆ ಜಿಬಿ, 25 ಜಿಬಿ ಡಿಸ್ಕಿಗೆ ನಾಲ್ಕು ಗಂಟೆ ಆರಾಮಾಗಿ ಹಿಡಿಯುತ್ತೆ. ಆಡಿಯೋ ಎಸಿ3 ಅಥವಾ ಪಿಸಿಎಂ, 48 ಕಿಲೋಹರ್ಟ್ಸ್. ಎಂಪಿ4ರಲ್ಲಿ ಸಾಮಾನ್ಯವಾಗಿ ಇರುವ ಎಎಸಿ ಬ್ಲೂ-ರೇಯಲ್ಲಿ ನಡೆಯಲ್ಲ.

ಮೆನು ಬೇಡ ಅಂದರೆ ಟಿಎಸ್‌ಮಕ್ಸರ್ ಅನ್ನುವ ಪ್ರೋಗ್ರಾಂ ಸಾಕು. ವಿಡಿಯೋ, ಆಡಿಯೋ ಕೊಡಿ, ಬ್ಲೂ-ರೇ ಫೋಲ್ಡರ್ ಆರಿಸಿ, ಅಧ್ಯಾಯಗಳ ಸಮಯ ಬರೆಯಿರಿ. ನಿಮ್ಮ ಅಪ್ಪನಿಗೆ ಇದೇ ಒಳ್ಳೆಯದು ಅಂತ ನನಗೆ ಅನಿಸುತ್ತೆ. ಡಿಸ್ಕ್ ಹಾಕಿದ ಕೂಡಲೇ ಶುರು, ಮುಂದಿನ ಭಾಗಕ್ಕೆ ಒಂದು ಬಟನ್. ಆಮೇಲೆ ಇಮ್ಗ್‌ಬರ್ನ್ ಅನ್ನುವ ಪ್ರೋಗ್ರಾಂನಲ್ಲಿ ಯುಡಿಎಫ್ (ಡಿಸ್ಕಿನಲ್ಲಿ ಫೈಲ್ ಜೋಡಿಸುವ ಪದ್ಧತಿ) 2.50 ಆರಿಸಿ ಬರ್ನ್ ಮಾಡಿ. ಬೇರೆ ಯುಡಿಎಫ್ ಹಾಕಿದರೆ ಕಂಪ್ಯೂಟರ್ ಓದುತ್ತೆ, ಪ್ಲೇಯರ್ ಓದದೇ ಇರಬಹುದು.

ಮೊದಲ ಬರ್ನ್ ಬಿಡಿ-ಆರ್‌ಇ ಡಿಸ್ಕಿಗೆ ಮಾಡಿ. ಅಳಿಸಿ ಮತ್ತೆ ಬರೆಯಬಹುದು. ಎಲ್ಲಾ ಟೇಪಿನಿಂದ ಐದೈದು ನಿಮಿಷ ಹಾಕಿ, ಅಪ್ಪ ಬಳಸುವ ಅದೇ ಪ್ಲೇಯರ್‌ನಲ್ಲಿ ನೋಡಿ. ನಿಮ್ಮದಲ್ಲ, ಅಂಗಡಿಯದಲ್ಲ, ಅದೇ. ಬೇರೆ ದೇಶದ ಸಂಬಂಧಿಕರಿಗೂ ಕಳಿಸುವುದಿದ್ದರೆ ಒಂದು ಎಚ್ಚರ: ಅಮೆರಿಕದ ಎಷ್ಟೋ ಪ್ಲೇಯರ್‌ಗಳು 50 ಹರ್ಟ್ಸ್ ವಿಡಿಯೋ ಓಡಿಸಲ್ಲ.

ಕೊನೆಯ ಪ್ರತಿಗೆ ಒಂದೇ ಸಲ ಬರೆಯಬಹುದಾದ ಬಿಡಿ-ಆರ್. ಎಲ್‌ಟಿಎಚ್ ಅಂತ ಬರೆದಿರುವುದು ಬೇಡ, ಅದರಲ್ಲಿ ಸಾವಯವ ಬಣ್ಣ ಬಳಸುತ್ತಾರೆ, ಹಳೇ ಪ್ಲೇಯರ್‌ಗಳಿಗೆ ಕಷ್ಟ. 4 ಪಟ್ಟು ವೇಗದಲ್ಲಿ ಬರ್ನ್ ಮಾಡಿ, ವೆರಿಫೈ ಟಿಕ್ ಮಾಡಿ. ಡಿಸ್ಕ್ ಬೇಕಿದ್ದರೆ ಈಗಲೇ ನಾಲ್ಕು ಜಾಸ್ತಿ ತಂದಿಡಿ. ಸೋನಿ 2025ರ ಫೆಬ್ರವರಿಯಲ್ಲಿ ರೆಕಾರ್ಡ್ ಮಾಡುವ ಬ್ಲೂ-ರೇ ಡಿಸ್ಕ್ ತಯಾರಿಕೆ ನಿಲ್ಲಿಸಿದೆ.

ಇನ್ನೊಬ್ಬರು:

ನಾನು ಫಿಲ್ಟರ್ ಏನೂ ಹಾಕಲಿಲ್ಲ. 720×576 ಇಂಟರ್‌ಲೇಸ್ಡ್ ಆಗಿಯೇ ಡಿಸ್ಕಿಗೆ ಹಾಕಿದೆ. ಅದೂ ಬ್ಲೂ-ರೇ ಒಪ್ಪುವ ಅಳತೆಯೇ. ಪ್ಲೇಯರ್, ಟಿವಿ ಒಳ್ಳೆಯದಿದ್ದರೆ ಅವೇ ಬಿಡಿಸಿ ತೋರಿಸುತ್ತವೆ. ಸಮಯ ಇಲ್ಲದವರಿಗೆ ಇದು ಒಳ್ಳೆ ದಾರಿ. ಆದರೆ ಮೂಲ ಕ್ಯಾಪ್ಚರ್ ಫೈಲ್ ಮಾತ್ರ ಅಳಿಸಬೇಡಿ, ಎರಡು ಬೇರೆ ಬೇರೆ ಡ್ರೈವ್‌ನಲ್ಲಿ ಇಡಿ.

ಕೇಳಿದವರು, ಆರು ವಾರದ ನಂತರ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಓಡಿತು. ಮೂರು ಟೇಪ್ ಚೆನ್ನಾಗಿ ಬಂದವು, ನಾಲ್ಕನೆಯದರಲ್ಲಿ ಬೂಷ್ಟು ಇತ್ತು, ಮುಟ್ಟಿಲ್ಲ. ಒಂದು ಸಲ ಫೀಲ್ಡ್ ಕ್ರಮ ತಪ್ಪಿ, ಮದುವೆಗೆ ಬಂದವರೆಲ್ಲಾ ನೀವು ಹೇಳಿದ ಹಾಗೇ ಹಿಂದೆ ಮುಂದೆ ನಡೆದರು. ಸರಿ ಮಾಡಿದೆ. ನಿನ್ನೆ ಅಪ್ಪ ತಾವೇ ಡಿಸ್ಕ್ ಹಾಕಿಕೊಂಡು ಕೂತರು. ಅಜ್ಜಿ ಬರುವ ಅಧ್ಯಾಯ ಐದನೆಯದು. ರಿಮೋಟ್‌ನಲ್ಲಿ ಹಿಂದಕ್ಕೆ ಒತ್ತಿ ಒತ್ತಿ ಅದನ್ನೇ ನಾಲ್ಕು ಸಲ ನೋಡಿದರು. ಡಿಸ್ಕ್ ಮೇಲೆ ಹೆಸರಿನ ಸ್ಟಿಕ್ಕರ್ ಅಂಟಿಸಬಹುದಾ?

ಡಿಸ್ಕ್ ಕಟ್ಟಿದವರು:

ಬೇಡ. ಸ್ಟಿಕ್ಕರ್ ಒಂದು ಕಡೆ ಭಾರ ಆಗಿ ಡಿಸ್ಕ್ ತಿರುಗುವಾಗ ಅದುರುತ್ತೆ, ಬಿಸಿಗೆ ಎದ್ದರೆ ಪ್ಲೇಯರ್ ಒಳಗೆ ಸಿಕ್ಕಿಕೊಳ್ಳುತ್ತೆ. ಡಿಸ್ಕಿಗೆಂದೇ ಬರುವ ಮೆತ್ತನೆ ತುದಿಯ ಮಾರ್ಕರ್‌ನಲ್ಲಿ ಮೇಲ್ಭಾಗದಲ್ಲಿ ಬರೆಯಿರಿ. ಯಾವ ಟೇಪಿನಿಂದ ಬಂದದ್ದು, ಯಾವತ್ತು ಬರ್ನ್ ಮಾಡಿದ್ದು, ಎರಡನ್ನೂ. ಆ ಬೂಷ್ಟು ಹಿಡಿದ ಟೇಪನ್ನು ಬೇರೆ ಚೀಲದಲ್ಲಿ ಕಟ್ಟಿ, ಒಣ ಜಾಗದಲ್ಲಿ ನಿಲ್ಲಿಸಿ ಇಡಿ. ಅದರೊಳಗೆ ಏನಿದೆ ಅಂತ ಅಪ್ಪನಿಗೆ ನೆನಪಿದೆಯಾ, ಕೇಳಿ ನೋಡಿ.