ಗಿಡವೇ ಇಲ್ಲದ್ದು ತೋಟ ಹೇಗಾಗುತ್ತದೆ? (ಕ್ಯೋಟೋ)

ಅಂಗಳದ_ಕನಕಾಂಬರ:
ಒಸಾಕಾದಲ್ಲಿರುವ ಮಗನ ಮನೆಗೆ ಬಂದಿದ್ದೇನೆ. ಮೊನ್ನೆ ಕ್ಯೋಟೋದ ರ್ಯೋಆನ್‌ಜಿ ದೇವಸ್ಥಾನ ನೋಡಿದೆವು. ತೋಟ ಅಂತಾರೆ, ಒಳಗೆ ಬಿಳಿ ಜಲ್ಲಿ, 15 ಕಲ್ಲು ಅಷ್ಟೇ. ಜಗಲಿಯಲ್ಲಿ ಅರ್ಧ ಗಂಟೆ ಕೂತು ಎಣಿಸಿದೆ. ಪ್ರತಿ ಸಲವೂ 14! ದಾಸವಾಳ, ಪಾರಿಜಾತದ ನಡುವೆ ಬೆಳೆದವಳು ನಾನು. ಇದನ್ನು ಹೇಗೆ ನೋಡಬೇಕು? ಬಲ್ಲವರು ಹೇಳಿ.

ಕ್ಯೋಟೋ_ಕನ್ನಡಿಗ:
ಅಕ್ಕಾ, ನಿಮ್ಮ ಎಣಿಕೆ ತಪ್ಪಿಲ್ಲ. ಜಗಲಿಯಲ್ಲಿ ಎಲ್ಲಿ ಕೂತರೂ ಒಂದಾದರೂ ಕಲ್ಲು ಮರೆಯಾಗುತ್ತದೆ. ಜಲ್ಲಿಯಲ್ಲಿ ಎಳೆದ ಗೆರೆ ಕಡಲು, ಕಲ್ಲು ದ್ವೀಪ ಅನ್ನುವವರಿದ್ದಾರೆ. ಹುಲಿ ತನ್ನ ಮರಿಗಳನ್ನು ಹೊಳೆ ದಾಟಿಸುತ್ತಿದೆ ಅನ್ನುವವರೂ ಇದ್ದಾರೆ. ಮಾಡಿದವರು ಯಾರು ಅನ್ನುವುದೇ ಖಚಿತವಿಲ್ಲ.

ಆದರೆ ಗಿಡ ಇಲ್ಲ ಅನ್ನಬೇಡಿ. ಕಲ್ಲಿನ ಬುಡದಲ್ಲಿ ಪಾಚಿ ನೋಡಲಿಲ್ವಾ? ನಾವು ಪಾಚಿ ಕಂಡರೆ ಉಜ್ಜಿ ತೊಳೆಯುತ್ತೇವೆ, ಇಲ್ಲಿ ಮಗುವಿನ ಹಾಗೆ ಸಾಕುತ್ತಾರೆ. ಇದೇ ಊರಿನ ಸೈಹೋಜಿ ದೇವಸ್ಥಾನದಲ್ಲಿ ಸುಮಾರು 120 ಬಗೆಯ ಪಾಚಿ ಇದೆ. ನಾನು ರಜೆಯ ದಿನ ಒಬ್ಬ ತೋಟಗಾರರ ಜೊತೆ ಕಳೆ ಕೀಳಲು ಹೋಗುತ್ತೇನೆ. ಮಂಡಿಯೂರಿ ಕೂತು ಒಂದೊಂದೇ ಎಳೆ ಕೀಳಬೇಕು. ಉದುರಿದ ಎಲೆ ಹಾಗೇ ಬಿಟ್ಟರೆ ಕೆಳಗಿನ ಪಾಚಿ ಸಾಯುತ್ತದೆ. ಅದಕ್ಕೇ ಮೆತ್ತಗೆ ಗುಡಿಸುತ್ತಲೇ ಇರಬೇಕು. ಬೆಳಿಗ್ಗೆ ಮಳೆ ನಿಂತ ಮೇಲೆ ಅದರ ಹಸಿರು ನೋಡಬೇಕು ಅಕ್ಕಾ, ಹೇಳಲು ಮಾತು ಸಾಲದು.

ಬೀಜಬುಟ್ಟಿ:
ಬೇರೆ ಗಿಡಗಳಿಗೂ ಅರ್ಥ ಇದೆ. ಪೈನ್ ಚಳಿಗಾಲದಲ್ಲೂ ಹಸಿರು, ಅದಕ್ಕೆ ದೀರ್ಘಾಯುಸ್ಸಿನ ಗುರುತು. ಬಿದಿರು ಬಾಗುತ್ತದೆ, ಮುರಿಯುವುದಿಲ್ಲ. ಉಮೆ, ಅಂದರೆ ಜಪಾನಿನ ಪ್ಲಮ್ ಮರ, ಚಳಿ ಹೋಗುವ ಮೊದಲೇ ಹೂ ಬಿಡುತ್ತದೆ. ಮೂರೂ ಸೇರಿದರೆ ಶೋಚಿಕುಬಾಯ್, ಮಂಗಳಕರ. ನನಗೆ ಇಷ್ಟ ಮಾತ್ರ ನಾಂತೆನ್, ಕೆಂಪು ಹಣ್ಣಿನ ಪೊದೆ. ಹೆಸರನ್ನು ಅದೇ ಉಚ್ಚಾರದ ಬೇರೆ ಜಪಾನಿ ಅಕ್ಷರಗಳಲ್ಲಿ ಬರೆದರೆ 'ಕಷ್ಟವನ್ನು ತಿರುಗಿಸು' ಅಂತಾಗುತ್ತದೆ. ಅದಕ್ಕೇ ಮನೆಯ ಹತ್ತಿರ ನೆಡುತ್ತಾರೆ.

ಅಂಗಳದ_ಕನಕಾಂಬರ:
ಅಯ್ಯೋ, ಮಗನ ಮನೆ ಬಾಗಿಲಲ್ಲೇ ಆ ಕೆಂಪು ಹಣ್ಣಿನ ಗಿಡ ಇದೆ! ಫೋಟೋ ದೊಡ್ಡದು ಮಾಡಿ ನೋಡಿದೆ, ಕಲ್ಲಿನ ಬುಡದಲ್ಲಿ ಪಾಚಿಯೂ ಇದೆ. ನಾಡಿದ್ದು ಕನಜಾವಾದ ಕೆನ್ರೊಕುಎನ್ ತೋಟಕ್ಕೆ ಹೊರಟಿದ್ದೇವೆ. ಅಲ್ಲಿ ಏನು ನೋಡಲಿ?

ಕ್ಯೋಟೋ_ಕನ್ನಡಿಗ:
ಕರಸಾಕಿ ಪೈನ್ ಮರ. ಒದ್ದೆ ಹಿಮದ ಭಾರಕ್ಕೆ ಕೊಂಬೆ ಮುರಿಯಬಾರದು ಅಂತ ಕಂಬದ ತುದಿಯಿಂದ ಹಗ್ಗ ಇಳಿಸಿ ಕಟ್ಟಿರುತ್ತಾರೆ, ಕೊಡೆಯ ಕಡ್ಡಿಗಳ ಹಾಗೆ. ನವೆಂಬರ್ 1ಕ್ಕೆ ಕಟ್ಟಲು ಶುರು ಮಾಡುತ್ತಾರೆ. ಹಿಮ ಬಿದ್ದಿದ್ದರೆ ಒಂದು ಫೋಟೋ ಇಲ್ಲಿ ಹಾಕಿ ಅಕ್ಕಾ.