ಸಹಾಯ ಬೇಕು: ಸೈಕಲ್‌ಗೆ ಮುಂದಿನ ಲೈಟ್ ಯಾವುದು ತಗೊಳ್ಳಲಿ?

ರಾತ್ರಿ ಎಂಟೂವರೆಗೆ ಕೆಲಸ ಮುಗಿಸಿ ಜಯನಗರದಿಂದ ಬನಶಂಕರಿಗೆ ಸೈಕಲ್‌ನಲ್ಲಿ ಬರುತ್ತೇನೆ. ದಾರಿಯುದ್ದಕ್ಕೂ ಬೀದಿದೀಪ ಇದೆ, ಗುಂಡಿ ಕಾಣುತ್ತದೆ. ನಾನು ಬೇರೆಯವರಿಗೆ ಕಾಣಬೇಕು, ಅಷ್ಟೇ. ಹೋದ ವಾರ ಅಡ್ಡರಸ್ತೆಯಿಂದ ನುಗ್ಗಿದ ಆಟೋದವರು ಗಕ್ಕನೆ ಬ್ರೇಕ್ ಹಾಕಿ, "ಕಾಣಲೇ ಇಲ್ಲ ಸಾರ್" ಅಂದರು. ಅವರ ತಪ್ಪಲ್ಲ ಬಿಡಿ, ನನ್ನದು ಬಟನ್ ಸೆಲ್ಲಿನ ಪುಟ್ಟ ಲೈಟ್.

ಅಂಗಡಿಯವರು 1000 ಲುಮೆನ್ ಬೆಳಕು ಕೊಡೋದೇ ತಗೊಳ್ಳಿ ಅಂತಾರೆ. ಎದುರಿನವರ ಕಣ್ಣಿಗೆ ಹೊಡೆಯಲ್ವಾ? ಊರೊಳಗೆ 200 ಸಾಕು ಅನ್ನಿಸುತ್ತದೆ. ಪಕ್ಕದಿಂದಲೂ ಕಾಣಬೇಕು, ಯುಎಸ್‌ಬಿ ಚಾರ್ಜ್ ಇರಬೇಕು. ಮಳೆಗೆ ಐಪಿಎಕ್ಸ್4 (ನೀರು ಸಿಡಿದರೆ ತಡೆಯುವ ಮಟ್ಟ) ಸಾಕಾ? ರಬ್ಬರ್ ಪಟ್ಟಿಯದು ಬಿಚ್ಚಿ ಜೇಬಿಗೆ ಹಾಕಿಕೊಳ್ಳಲು ಸುಲಭ, ಆದರೆ ಗುಂಡಿಗೆ ಇಳಿದಾಗ ಕೆಳಕ್ಕೆ ಬಾಗುತ್ತಾ? ಬಳಸಿದವರು ಹೇಳಿ. ಬಜೆಟ್ 1500 ರೂಪಾಯಿ. ಮಿನುಗಿಸಬೇಕೋ, ಸುಮ್ನೆ ಉರಿಸಬೇಕೋ, ಅದನ್ನೂ ತಿಳಿಸಿ.