ಡಿಸ್ಟಿಂಕ್ಟ್ ಹಾಕಿದೆ, ರೈತರ ಅರವತ್ತು ಬಾಕ್ಸ್ ಲೆಕ್ಕದಿಂದ ಹೋಯಿತು

ಪ್ರಶ್ನೆ (ವಿಜಯಪುರ):
ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ರೈತರು, ಲಾಟು (ಒಂದು ಸಲಕ್ಕೆ ತಂದಿಟ್ಟ ಮಾಲು), ಫೋನ್ ಎಂದು ಮೂರು ಟೇಬಲ್‌ಗಳಿವೆ. ರೈತರ ಒಟ್ಟು ತೂಕ ಫೋನ್ ನಂಬರಿನೊಂದಿಗೆ ಬೇಕು. ಮೂರನ್ನೂ ಜಾಯಿನ್ ಮಾಡಿದರೆ, ಅಂದರೆ ಜೋಡಿಸಿದರೆ, ಒಬ್ಬರ ಹೆಸರು ಆರು ಸಲ ಬರುತ್ತದೆ, ತೂಕ 6,300 ಕೆ.ಜಿ. ಎನ್ನುತ್ತದೆ. ಮೊತ್ತ ಕೂಡಿಸುವ ಸಮ್ ಒಳಗೆ, ಮರುಕಳಿಸಿದ್ದನ್ನು ಒಂದೇ ಸಲ ಹಿಡಿಯುವ ಡಿಸ್ಟಿಂಕ್ಟ್ ಹಾಕಿದೆ, 2,250ಕ್ಕೆ ಇಳಿಯಿತು. ಅದನ್ನೇ ಮುದ್ರಿಸಿ ಕೊಟ್ಟುಬಿಟ್ಟೆ. ಮೊನ್ನೆ ಆ ಕಾಕಾ ಬಂದು 900, 900, 1,350ರ ಮೂರು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, "ತಂಗೀ, ನನ್ನ ಅರವತ್ತು ಬಾಕ್ಸ್ ಎಲ್ಲಿ ಹೋದವು?" ಎಂದು ಕೇಳಿದರು. ಬಾಕ್ಸಿಗೆ 15 ಕೆ.ಜಿ. ಮಾಲು ಒಳಗೇ ಇದೆ. ನನ್ನ ಹಾಳೆಯಲ್ಲಿ ಮಾತ್ರ ಇಲ್ಲ. ಅಂದಿನಿಂದ ಸಮಾಧಾನವಿಲ್ಲ.

ಉತ್ತರ (ಬಾಗಲಕೋಟೆ):
ಆ ರೈತರಿಗೆ ಎರಡು ಫೋನ್ ನಂಬರ್ ಇರಬೇಕು, ಮೇಡಂ. ಮೂರು ಲಾಟು, ಎರಡು ನಂಬರ್, ಆರು ಸಾಲು. ಸಮ್ ಒಳಗಿನ ಡಿಸ್ಟಿಂಕ್ಟ್ ಅಂಕಿಯನ್ನಷ್ಟೇ ನೋಡುತ್ತದೆ. ಎರಡು ಬೇರೆ ಲಾಟುಗಳ ತೂಕವೂ 900 ಆದರೆ ಒಂದನ್ನು ಬಿಟ್ಟುಬಿಡುತ್ತದೆ. ಸಬ್‌ಕ್ವೆರಿಯಲ್ಲಿ (ಕ್ವೆರಿಯೊಳಗಿನ ಕ್ವೆರಿ) ಲಾಟು ಟೇಬಲ್ ಒಂದನ್ನೇ ರೈತರ ಐಡಿ ಮೇಲೆ ಗ್ರೂಪ್ ಬೈ ಮಾಡಿ, ಅಂದರೆ ರೈತರವಾರು ಗುಂಪು ಮಾಡಿ ಕೂಡಿಸಿ, ಆಮೇಲೆ ಜಾಯಿನ್ ಮಾಡಿ. ಹೆಸರಿನ ಮೇಲೆ ಗ್ರೂಪ್ ಮಾಡಲೇಬೇಡಿ, ಒಂದೇ ಊರಿನಲ್ಲಿ ಒಂದೇ ಹೆಸರಿನವರು ಎಷ್ಟೋ ಜನ. ಫೋನಿಗೆ, ಒಬ್ಬರಿಗೆ ಒಂದೇ ಸಾಲು ಉಳಿಸುವ ಡಿಸ್ಟಿಂಕ್ಟ್ ಆನ್ ಬಳಸಬಹುದು, ಆದರೆ ಸಾಲುಗಳ ಕ್ರಮ ಹೇಳುವ ಆರ್ಡರ್ ಬೈ ಕೊಡದಿದ್ದರೆ ಯಾವ ನಂಬರ್ ಉಳಿಯುತ್ತದೆ ಎಂಬ ಖಾತ್ರಿಯಿಲ್ಲ.

ಕೇಳಿದವರು:
3,150 ಬಂತು! ಎರಡು ನಂಬರ್ ಇದ್ದದ್ದೂ ನಿಜ. ಇನ್ನೊಂದು ತೊಡಕಿದೆ, ಸರ್. ಊರುಗಳ ಪಟ್ಟಿಗೆ ಸೆಲೆಕ್ಟ್ ಡಿಸ್ಟಿಂಕ್ಟ್ ಕೊಟ್ಟರೂ ತಿಕೋಟಾ ಎರಡು ಸಲ ಬರುತ್ತಿದೆ. ಟ್ರಿಮ್ ಮಾಡಿ ನೋಡಿದೆ, ಖಾಲಿ ಜಾಗವೇನೂ ಇಲ್ಲ.

ಉತ್ತರ (ಬೆಳಗಾವಿ):
ಅಕ್ಕಾ, ಎರಡರ ಉದ್ದವನ್ನೂ ಲೆಂಗ್ತ್‌ನಿಂದ ಅಳೆಯಿರಿ. ಒಂದು 6, ಇನ್ನೊಂದು 8 ಬಂದರೆ ತಪ್ಪು "ಕೋ" ಅಕ್ಷರದಲ್ಲಿದೆ. ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದರ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ, ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಪೋಸ್ಟ್‌ಗ್ರೆಸ್ 13ರಿಂದ ಎರಡು ಬಗೆಯನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಹಳೆಯ ಹೆಸರುಗಳನ್ನು ಅದರಿಂದ ಅಪ್‌ಡೇಟ್ ಮಾಡಿ, ಹೊಸದನ್ನು ಸೇರಿಸುವಾಗಲೂ ಅದನ್ನು ದಾಟಿಸಿಯೇ ಸೇರಿಸಿ.

ಕೇಳಿದವರು:
ಸರಿಯಾಗಿ 6 ಮತ್ತು 8! ಈಗ ತಿಕೋಟಾ ಒಂದೇ ಆಯಿತು. ಇಬ್ಬರಿಗೂ ಮನಸಾರೆ ಧನ್ಯವಾದ. ಕಾಕಾಗೆ ಮೊದಲು ಫೋನ್ ಮಾಡಿ ಹೇಳಿದೆ. ಸಮ ತೂಕದ ಲಾಟು ಇಟ್ಟ ಉಳಿದ ರೈತರ ಹಾಳೆಗಳನ್ನೂ ಇವತ್ತೇ ಹೊಸದಾಗಿ ತೆಗೆಯುತ್ತಿದ್ದೇನೆ.